ಕುಣಿಯೊಳಗಿನ ತಂಪು

ಬೆಟಗೇರಿಯ ಬನಶಂಕರೆವ್ವ ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಚಹಾ ಕುಡಿಯುವ ಮೊದಲು ಮಗ್ಗದ ಹತ್ತಿರ ಹೋಗುತ್ತಾಳೆ. ಆಕೆಯದು ಕುಣಿಮಗ್ಗ. ಮನೆಯ ನೆಲವನ್ನೇ ಅಗೆದು ಮಾಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತಳದ ಹಲಗೆ ತುಳಿಯುತ್ತ ನೇಯಬೇಕು. ಅದರ ಅಂಚಿಗೆ ಕೂತು, ಬಗ್ಗಿ, ಬಲಗೈಯಿಂದ ತಳದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಅತ್ತೆ ಕಲಿಸಿದ ಪದ್ಧತಿ. ಜ್ವರ ಬಂದರೂ ತಪ್ಪಿಸಿಲ್ಲ. ಮಗಳ ಮದುವೆಯ ದಿನ ಮೈತುಂಬ ಕೆಲಸವಿದ್ದಾಗಲೂ ಹಸಿರು ಬಳೆಯ ಕೈ ಕುಣಿಗೆ ಇಳಿದಿತ್ತು.

ಬೇಸಿಗೆಯಲ್ಲಿ ನೇಕಾರರಿಗೆ ಒಣಗಾಳಿಯೇ ವೈರಿ. ಹತ್ತಿಯ ಎಳೆ ಪಟಪಟನೆ ಹರಿಯುತ್ತದೆ, ಗಂಟು ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೇ ಕುಣಿಯಲ್ಲಿ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹಾಸಿ ತಂಪು ಹಿಡಿದಿಡುತ್ತಾರೆ. ಈ ಸಲದ ಬೇಸಿಗೆಯಲ್ಲಿ ಬನಶಂಕರೆವ್ವನಿಗೆ ಆ ಕೆಲಸವೇ ಬೀಳಲಿಲ್ಲ. ಕೈ ಇಳಿಸಿದರೆ ಮಣ್ಣು ತಾನಾಗಿಯೇ ತಣ್ಣಗೆ, ಹಸಿಯಾಗಿ ಸಿಗುತ್ತಿತ್ತು. ಎಳೆಗಳು ಹರಿಯದೆ ಸೀರೆಗಳು ಮಗ್ಗದಿಂದ ಮೇಲಿಂದ ಮೇಲೆ ಇಳಿಯುತ್ತಿದ್ದವು.

"ತಾಯಿ ಕಣ್ಣ ತೆರದಾಳ್ರಿ," ಎಂದು ಗಂಡನಿಗೆ ಹೇಳಿದಳು.

"ತಾಯಿಗೆ ನಿನ್ನ ಮಗ್ಗ ಒಂದ ಕಂಡತೇನ? ನನ್ನ ಮೊಣಕಾಲಿನ ಕಡೆನೂ ಒಂಚೂರ ನೋಡಂತ ಹೇಳ ಆಕಿಗಿ," ಎಂದು ಗೋಪಣ್ಣ ನಕ್ಕ.

ಪಕ್ಕದ ಮನೆಯ ಮಾಸುಮಬಿ ಮಾತ್ರ ನಗಲಿಲ್ಲ. ಆಕೆ ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತಿಕೊಡುವವಳು. ಇಳಿಜಾರಿನ ಓಣಿಯಲ್ಲಿ ಅವಳ ಮನೆ ಕೊನೆಯದು, ಎಲ್ಲರದಕ್ಕಿಂತ ತಗ್ಗಿನಲ್ಲಿದೆ. ಕಂಡಿಕೆ ಕೊಡಲು ಬಂದವಳು ಮೂಗಿಗೆ ಸೆರಗು ಹಿಡಿದಳು.

"ಅಕ್ಕಾ, ನಿನ್ನ ಕುಣಿ ಒಂಥರಾ ನಾರಾಕತ್ತೇತಿ."

"ನೂಲಿಗೆ ಹಚ್ಚಿದ ಗಂಜಿ ಹುಳತಿರಬೇಕ ತಗಿ. ನಿನ್ನ ಮೂಗ ಬಾಳ ಚೂಪ."

ಮಾತು ಅಲ್ಲಿಗೇ ನಿಂತಿತು. ಮೊದಲ ದೊಡ್ಡ ಮಳೆ ಬಂದದ್ದು ಒಂದು ಮಧ್ಯಾಹ್ನ. ಮನೆಗಳ ಹಿಂದೆ ಹಳ್ಳ ಹರಿಯುತ್ತದೆ, ಅದರ ದಂಡೆಗುಂಟ ನೆಲದೊಳಗೆ ಊರಿನ ಹೊಲಸು ಒಯ್ಯುವ ಪೈಪು ಇದೆ. ಮಳೆಯ ರಭಸಕ್ಕೆ ಓಣಿಯ ಚೇಂಬರಿನ ಮುಚ್ಚಳ ಎದ್ದಿತು. ಕಪ್ಪು ನೀರು ಒಂದು ಕಡೆ ಹಳ್ಳಕ್ಕೆ, ಇನ್ನೊಂದು ಕಡೆ ಓಣಿಗೆ ನುಗ್ಗಿತು. ಬನಶಂಕರೆವ್ವನ ಕುಣಿ ಅಂಚಿನವರೆಗೆ ತುಂಬಿ, ತುಳಿಯುವ ಹಲಗೆಗಳು ತೇಲಿದವು. ಅರ್ಧ ನೇಯ್ದ ಸೀರೆಯನ್ನು ಗಂಡಹೆಂಡಿರು ಬರಿಗೈಯಲ್ಲಿ ಮೇಲೆತ್ತಿ ಹಿಡಿದು ನಿಂತರು.

ಮರುದಿನ ನಗರಸಭೆಯ ಕಚೇರಿಯಿಂದ ಬಂದ ಕೆಲಸಗಾರ ಕಬ್ಬಿಣದ ಸಲಾಕೆಯಿಂದ ಹಿತ್ತಿಲ ನೆಲ ಚುಚ್ಚಿ ನೋಡಿ ಹೇಳಿದ: "ಪೈಪ್ ಈಗ ಒಡದದ್ದಲ್ಲವ್ವಾ. ಬ್ಯಾಸಗಿ ತುಂಬ ನಿಮ್ಮ ನೆಲದಾಗ ಇಂಗೇತಿ."

ಬನಶಂಕರೆವ್ವ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು.

ಅದೇ ವಾರ ಮಾಸುಮಬಿಯ ಮೊಮ್ಮಗಳು ಅಫ್ರೀನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದಳು. ತಗ್ಗಿನಲ್ಲಿದ್ದ, ಕುಡಿಯುವ ನೀರು ಹಿಡಿಯುವ ಅವರ ನಳದ ಗುಂಡಿಗೂ ಆ ಹೊಲಸು ನೀರು ನುಗ್ಗಿತ್ತು. ಮಗು ಬದುಕಿ ಮನೆಗೆ ಬಂದಾಗ ಕುತ್ತಿಗೆಯ ತಾಯತ ಸಡಿಲವಾಗಿ ತೂಗುತ್ತಿತ್ತು.

"ನೀ ನಾರತೈತಿ ಅಂದಾಗ ನಾ ಕೇಳಬೇಕಿತ್ತ ಮಾಸುಮಾ."

"ಕೇಳಿದ್ರ ನೀನೇನ ಹೋಗಿ ಪೈಪ್ ಹೊಲೀತಿದ್ದೇನಕ್ಕಾ?" ಎಂದಳು ಮಾಸುಮಬಿ. "ನಡಿ, ಹೊಲಿಯೋರ್ನ ಕೇಳೂಣು."

ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಇಬ್ಬರೂ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿಗಳಲ್ಲಿ ಒಬ್ಬರು ಹಳ್ಳ ತಮ್ಮದಲ್ಲ ಎಂದರು. ಇನ್ನೊಬ್ಬರು ಪೈಪು ತಮ್ಮದೇ, ಆದರೆ ಅದನ್ನು ಹೂಳಿದ ಗುತ್ತಿಗೆದಾರನನ್ನು ಕೇಳಬೇಕು ಎಂದರು. ಮೂರನೆಯವರಿಗೆ ಸಿಟ್ಟೇ ಬಂತು. "ಹಳ್ಳಕ್ಕ ಕಸಾ ಒಗಿಯೋರು ನೀವ, ಕೇಳಾಕ ಬರೋರೂ ನೀವ!"

"ಸಾಹೇಬ್ರ, ನಾವ್ ಒಗದದ್ದ ಕಸಾ ಖರೆ," ಎಂದಳು ಮಾಸುಮಬಿ. "ನೀವ್ ನಮ್ಮ ಮನಿಗಿ ಕಳಿಸಿದ್ದಕ್ಕ ಏನಂತಾರ, ನನ್ನ ಬಾಯಿಲೆ ಹೇಳಸಬ್ಯಾಡ್ರಿ."

ಹೆಂಗಸರೆಲ್ಲ ನಕ್ಕರು, ಆದರೆ ಕೆಲಸವಾಗಲಿಲ್ಲ. ಓಣಿಗೆ ಬಂದದ್ದು ಬ್ಲೀಚಿಂಗ್ ಪುಡಿ ಅಷ್ಟೇ. ಅವರು ಮತ್ತೆ ಹೋದರು, ಮತ್ತೆಯೂ ಹೋದರು.

ಈ ನಡುವೆ ಕುಣಿಯ ಒಂದು ಬದಿ ಕುಸಿಯತೊಡಗಿತು. ಮಗ್ಗದ ಭಾರ ಹೊತ್ತ ಗೂಟ ನೆಲದಲ್ಲಿ ಹೂತಿರುತ್ತದೆ. ಆ ಗೂಟವನ್ನು ಮುಟ್ಟಿದರೆ ಈಗ ಸಣ್ಣಗೆ ಅಲ್ಲಾಡುತ್ತಿತ್ತು. ಇನ್ನೊಂದು ಸಲ ನೀರು ನುಗ್ಗಿದರೆ ಗೂಟ ಕಿತ್ತುಬರುತ್ತದೆ, ಮಗ್ಗ ಬೀಳುತ್ತದೆ. ಈ ವಯಸ್ಸಿನಲ್ಲಿ ಬೇರೆ ಕಡೆ ಹೊಸ ಮಗ್ಗ ಹೂಡುವ ಶಕ್ತಿ ಇಬ್ಬರಲ್ಲೂ ಇಲ್ಲ. ಬನಶಂಕರೆವ್ವ ಬೆಳಿಗ್ಗೆ ಕುಣಿಗೆ ಕೈ ಇಳಿಸುವುದನ್ನು ಬಿಡಲಿಲ್ಲ. ಆದರೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಲು ಆಗುತ್ತಿರಲಿಲ್ಲ. ಮಣ್ಣು ಎಷ್ಟು ಹಸಿಯಾಗಿದೆ ಎಂದು ನೋಡಿ, ಕೈ ತೊಳೆದು, ದೂರದಿಂದ ಮುಗಿಯುತ್ತಿದ್ದಳು. ಮೋಡ ಕಂಡರೆ ಅನ್ನ ಸೇರುತ್ತಿರಲಿಲ್ಲ.

ಒಂದು ಸಂಜೆ ವಾರ್ಡಿನ ಮೆಂಬರ್ ನಿಜಲಿಂಗಪ್ಪ ಬಂದ. ಹಿಂದೆಯೇ ಉಸುಕು, ಇಟ್ಟಂಗಿ ಹೇರಿದ ಟ್ರ್ಯಾಕ್ಟರ್. ಕಪ್ಪತಗುಡ್ಡದ ಕಡೆ ಆಕಾಶ ಕಪ್ಪಾಗಿತ್ತು.

"ಅವ್ವಾರ, ನಿಮ್ಮ ಹಿತ್ತಲಕ್ಕ ಒಂದ ಗಟ್ಟಿ ಗ್ವಾಡಿ ಕಟ್ಟಸ್ತೀನಿ. ಕುಣಿಗೂ ಸಿಮೆಂಟ್ ಮಾಡಸ್ತೀನಿ. ನಾಳೆ ಹೊತ್ತ ಮುಣಗೂದ್ರಾಗ ಮುಗೀತೈತಿ. ನೀವು ಈ ಹೆಣ್ಣಮಕ್ಕಳ್ನ ಕರಕೊಂಡ ಕಚೇರಿಗಿ ಅಡ್ಡ್ಯಾಡೂದ ಒಂದ ಸಾಕ ಮಾಡ್ರಿ."

ಗೋಪಣ್ಣ ಹೆಂಡತಿಯ ಮುಖ ನೋಡಿದ. "ಹೂಂ ಅನ್ನಲೇ. ಮಗ್ಗ ಉಳೀತೈತಿ."

ಬನಶಂಕರೆವ್ವ ಒಳಗೆ ಮಗ್ಗದ ಕಡೆ ತಿರುಗಿದಳು. ಅದಕ್ಕೆ ಕಟ್ಟಿದ ಹಾಸುನೂಲಿನಲ್ಲಿ ಅರ್ಧ ಇನ್ನೂ ನೇಯುವುದಿತ್ತು. ಆಮೇಲೆ ಕೇಳಿದಳು, "ನನ್ನ ಗ್ವಾಡಿಗಿ ಬಡದ ನೀರ ಎಲ್ಲಿ ಹೊಕ್ಕೈತ್ರಿ?"

ನಿಜಲಿಂಗಪ್ಪ ಇಳಿಜಾರಿನ ಕಡೆ ಕಣ್ಣು ಹಾಯಿಸಿದ. ಅಲ್ಲಿ ಅಫ್ರೀನ ಹೊಸ್ತಿಲ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. "ಅದನ್ನ ಆಮ್ಯಾಲ ನೋಡೂಣವ್ವಾ."

"ಹಂಗಾದ್ರ ಬ್ಯಾಡ್ರಿ. ಪೈಪ್ ಅಗಸಿ ದುರಸ್ತಿ ಮಾಡಸ್ರಿ. ಓಣಿಗೆಲ್ಲ ಆದ್ರ ನನಗೂ ಆಗತೈತಿ."

"ಮಳಿ ನಿಮ್ಮನ್ನ ಕೇಳಿ ಬರಂಗಿಲ್ಲ. ಇವತ್ತ ಬಿಟ್ರ ನಾ ಮತ್ತ ಬರಂಗಿಲ್ಲ."

"ಗೊತ್ತೈತಿ ಯಪ್ಪಾ." ಆಕೆ ಕಪ್ಪಾದ ಆಕಾಶದ ಕಡೆ ನೋಡಿದಳು. "ಅಂಜಿಕೀಲೆ ಕೈಕಾಲ ತಣ್ಣಗ ಆಗ್ಯಾವ. ಆದ್ರೂ ಬ್ಯಾಡ. ಮಳಿ ಬರೂದ್ರಾಗ ಉಸುಕ ತಿರುಗಿ ಒಯ್ಯರಿ."