ಕಾಕು ಹೇಳಿದ ಹೆಸರು

ಒಬ್ಬ ಹೆಂಗಸು ಗಂಡನ ಹೆಸರು ಹೇಳಲಿಲ್ಲವೆಂದು ಕಳೆದ ವಾರ ಬನಹಟ್ಟಿಯಲ್ಲಿ ಕಲ್ಲಿನ ಕೆಲಸವೇ ನಿಂತುಹೋಗಿತ್ತು.

ನಗಬೇಡಿ. ನಿಮ್ಮ ಮನೆಯಾಕೆ ನಿಮ್ಮನ್ನು ಹೆಸರು ಹಿಡಿದು ಕರೆದದ್ದು ಯಾವಾಗ? (ನನ್ನಾಕೆ ಕರೆಯುವುದು ‘ಇಲ್ಲಿ ಕೇಳ್ರಿ’ ಎಂದು. ಅದೇ ನನ್ನ ಹೆಸರೆಂದು ಮಕ್ಕಳು ಬಹಳ ದಿನ ತಿಳಿದಿದ್ದರು.) ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಮದುವೆ, ಬಸುರಿಯ ಕುಬಸದಂಥ ಹೊತ್ತಿನಲ್ಲಿ ಒಡಪಿನ ಪದ ಕಟ್ಟಿ, ಅದರ ನಡುವೆ ಮೆಲ್ಲಗೆ ಹೆಸರು ಸೇರಿಸುತ್ತಾರೆ. ಉಳಿದಂತೆ ಬಾಯಿ ಬಂದ್.

ನಡೆದದ್ದು ಇಷ್ಟು. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದೆವಲ್ಲ, ಅದಕ್ಕಾಗಿ ರಾಜರ ಆಳ್ವಿಕೆಯ ವಿರುದ್ಧ ನಡೆದ ಹೋರಾಟದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲೊಂದನ್ನು ಬನಹಟ್ಟಿಯ ನೇಕಾರರು ತಮ್ಮ ವಾಚನಾಲಯದ ಮುಂದೆ ನಿಲ್ಲಿಸುವವರಿದ್ದಾರೆ. ವಾಚನಾಲಯದ ಸೆಕ್ರೆಟರಿ ಗುರುಪಾದಪ್ಪ ನನ್ನ ಹಳೆಯ ಗೆಳೆಯ. ಜಮಖಂಡಿಯ ನನ್ನ ಮನೆಗೆ ಬಂದವನಿಗೆ ನಾನು ಆಗಷ್ಟೇ ಓದಿ ಮುಗಿಸಿದ್ದ ಪುಸ್ತಕದ ಕಥೆ ಹೇಳುತ್ತ ಕುಳಿತೆ.

ಮುಂಬಯಿಯ ಸ್ನೇಹಿತರೊಬ್ಬರು ಕಳಿಸಿದ ತೆಳ್ಳನೆಯ ಇಂಗ್ಲಿಷ್ ಪುಸ್ತಕ ಅದು. ಯುಕ್ರೇನಿನ ಒಬ್ಬ ಬಂಡಾಯಗಾರನ ಬಾಳು. ಕಬ್ಬಿಣದ ಕೆಲಸದವನು. ರಷ್ಯಾದ ದೊರೆ ಝಾರನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವನು. ರಾಜನೂ ಬೇಡ, ಜಮೀನ್ದಾರನೂ ಬೇಡ, ಅವರ ಜಾಗದಲ್ಲಿ ಬಂದು ಕೂರುವ ಹೊಸ ಸರ್ಕಾರವೂ ಬೇಡ, ನಮ್ಮ ಊರು ನಾವೇ ನೋಡಿಕೊಳ್ಳುತ್ತೇವೆ ಎಂದ ರೈತರ ದಂಡಿನ ಜೊತೆ ಹೋದ. ಆ ದಂಡಿನ ಕಥೆ ಬರೆಯಲು ಕುಳಿತ. ಸತ್ತ ಸಂಗಾತಿಗಳು ಯಾರು, ಎಲ್ಲಿಯವರು, ಹೇಗೆ ಹೋದರು, ಎಲ್ಲವನ್ನೂ. ಬರೆದ ಕಾಗದ ಯುದ್ಧದ ಗದ್ದಲದಲ್ಲಿ ಕಳೆಯಿತು. ಮತ್ತೆ ಬರೆದ. ಮತ್ತೆ ಕಳೆಯಿತು. ಮತ್ತೆ ಬರೆದ.

ಗುರುಪಾದಪ್ಪ ಬೀಡಿ ಆರಿಸಿದ. ‘ನಮಗ ಒಂದು ಹೆಸರು ಸಿಗವಲ್ದು. ನಾಳಿ ಬಾ, ಈ ಕಥಿ ಅಲ್ಲಿ ಹೇಳು’ ಅಂದ.

ಸಿಗದ ಹೆಸರು ಒಬ್ಬ ನೇಕಾರನದು. ಬೀಳಗಿ ಕಡೆಯ ಹಳ್ಳಿಯಿಂದ ಪೊಲೀಸರ ಕಣ್ಣು ತಪ್ಪಿಸಿ ಹೆಂಡತಿಯೊಂದಿಗೆ ಬನಹಟ್ಟಿಗೆ ಬಂದಿದ್ದ. ಊರು ಅವನನ್ನು ಚಿಕ್ಕಪ್ಪನೆಂದು ಕಾಕಾ ಎಂದಿತು, ಆಕೆಯನ್ನು ಚಿಕ್ಕಮ್ಮನೆಂದು ಕಾಕು ಎಂದಿತು. ಹೆಸರು ಯಾರೂ ಕೇಳಲಿಲ್ಲ. ಕೇಳದಿರುವುದೇ ಕ್ಷೇಮವಾಗಿತ್ತು. ಒಮ್ಮೆ ಪೊಲೀಸನೊಬ್ಬ ಕಾಕುವನ್ನೇ ತಡೆದು ಗಂಡನ ಹೆಸರೇನು ಎಂದನಂತೆ. ‘ಗಂಡನ ಹೆಸರು ಹೇಳ್ತಾರೇನ್ರಿ? ನಿಮ್ಮ ಮನ್ಯಾಗ ಹೇಳ್ತಾರ?’ ಅಂದಳಂತೆ. ಅವನೂ ಮದುವೆಯಾದವನೇ, ಸುಮ್ಮನೆ ಹೊರಟುಹೋದ.

ಮುಂದೆ ಕಾಕಾ ಬಾವುಟ ಹಿಡಿದು ಸಿಕ್ಕಿಬಿದ್ದ. ಹೆಸರು ಹೇಳಿದರೆ ಪೊಲೀಸರು ಹುಡುಕುತ್ತಿದ್ದವನು ಇವನೇ ಎಂದು ತಿಳಿದು ಆಶ್ರಯ ಕೊಟ್ಟವರಿಗೆಲ್ಲ ತೊಂದರೆ. ಹೊಡೆತ ತಿಂದ, ಬಾಯಿ ಬಿಡಲಿಲ್ಲ, ಲಾಕಪ್ಪಿನಲ್ಲೇ ಸತ್ತ. ಮಕ್ಕಳಿಲ್ಲ. ಎರಡೂ ಕಡೆಯ ಬಳಗದಲ್ಲಿ ಈಗ ಯಾರೂ ಉಳಿದಿಲ್ಲ. ಹೆಸರು ಗೊತ್ತಿರುವುದು ಕಾಕುವಿಗೆ ಮಾತ್ರ.

ನಾವು ಹೋದಾಗ ಆಕೆ ಮನೆಯ ಕಟ್ಟೆಯ ಮೇಲೆ ರಾಟೆ ತಿರುಗಿಸುತ್ತ, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎದುರಿಗೇ ವಾಚನಾಲಯ. ಕಲ್ಲು ಕೆತ್ತುವ ಇಮಾಮಸಾಬರು ಉಳಿ ಕೆಳಗಿಟ್ಟು ಬೇವಿನ ನೆರಳಲ್ಲಿ ಕಾಯುತ್ತಿದ್ದರು.

‘ಹೋದಾಂವಗ ಇನ್ನ ಎಲ್ಲೀ ಆಯುಷ್ಯ ಕಡಿಮಿ ಆಗತೈತಿ ಕಾಕು? ಹೇಳಿಬಿಡು’ ಅಂದ ಗುರುಪಾದಪ್ಪ. (ಇವನನ್ನು ಯಾರು ಸೆಕ್ರೆಟರಿ ಮಾಡಿದರೋ.)

ಕಾಕು ತಲೆ ಎತ್ತಲಿಲ್ಲ. ‘ಬಾಯಿಗೆ ಬರಾಂಗಿಲ್ಲೋ ಯಪ್ಪಾ. ಸಾಯೂತನಾ ತಾನ ಹೇಳಲಿಲ್ಲ. ನಾ ಹೆಂಗ ಹೇಳ್ಲಿ?’

ನಾನು ಯುಕ್ರೇನಿನವನ ಕಥೆ ಹೇಳಿದೆ. ದಂಡು ಸೋತ ಮೇಲೆ ಪರದೇಶ ಸೇರಿದ್ದು, ಹೊಟ್ಟೆಗಾಗಿ ಜೋಡು ಹೊಲಿದದ್ದು, ಕೊನೆಗೆ ತಾಯ್ನೆಲಕ್ಕೆ ಮರಳಿ ಅಲ್ಲಿಯ ಸರ್ಕಾರದ ಗುಂಡಿಗೇ ಬಲಿಯಾದದ್ದು. ಕಾಕು ನೂಲು ಸುತ್ತುತ್ತಲೇ ಕೇಳಿದಳು.

‘ಎಲ್ಲಾರದೂ ಬರದ ಅಂತೀರಿ. ಅವಂದು ಯಾರು ಬರದಾರ್ರಿ?’

‘ಅವನ್ನ ಕಂಡವರಲ್ಲ ಕಾಕು. ಬ್ಯಾರೆ ದೇಶದವರು. ಅವರಿಗೂ ಪೂರಾ ಗೊತ್ತಿಲ್ಲ.’

‘ಹೇಂತಿ ಇದ್ದಿಲ್ಲೇನು?’

‘ಪುಸ್ತಕದಾಗ ಆ ಸುದ್ದಿ ಇಲ್ಲ.’

‘ಇದ್ದಿದ್ರ ಆಕಿ ಹೇಳತಿದ್ಲು’ ಅಂದಳು ಕಾಕು.

ರಾಟೆ ನಿಂತಿತು. ಗುರುಪಾದಪ್ಪ ಏನೋ ಹೇಳಹೊರಟ. ನಾನು ಅವನ ತೋಳು ಹಿಡಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಏನೋ ಅಂದಳು.

ಇಮಾಮಸಾಬರಿಗೆ ಜೀವನವಿಡೀ ಸುತ್ತಿಗೆಯ ಸದ್ದು ಕೇಳಿ ಕಿವಿ ಮಂದ. ‘ಕೇಳಸಲಿಲ್ಲ. ಇನ್ನೊಮ್ಮೆ ಹೇಳ್ರೆವ್ವಾ’ ಅಂದರು.

ಕಾಕು ಎದ್ದಳು. ಬೀದಿ ದಾಟಿ ಕಲ್ಲಿನ ಹತ್ತಿರ ಬಂದಳು. ಸೆರಗು ಬಾಯಿಂದ ತೆಗೆದು, ಓಣಿಗೆಲ್ಲ ಕೇಳುವಂತೆ ಹೇಳಿದಳು. ‘ಮಲ್ಲಪ್ಪ. ಮಲ್ಲಪ್ಪ ಅಂತ ಬರೀರಿ.’

ಆಮೇಲೆ ಅಲ್ಲೇ ನೆಲಕ್ಕೆ ಕುಳಿತು ಅತ್ತಳು. ನನಗೂ ತಡೆಯಲಾಗಲಿಲ್ಲ. ಗಂಡನನ್ನು ಉಳಿಸಲು ಕಟ್ಟಿಕೊಂಡ ಬಾಯಿ. ಬಿಚ್ಚಿದ್ದೂ ಅವನನ್ನು ಉಳಿಸಲೆಂದೇ.

ಹೊರಡುವಾಗ ಆಕೆಯ ಹೆಸರು ಕೇಳಿದೆ. ಒದ್ದೆ ಕಣ್ಣಲ್ಲೇ ನಕ್ಕಳು. ಈ ಊರಿಗೆ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲವಂತೆ. ಬಾಳವ್ವ.

ಮಲ್ಲಪ್ಪನ ಹೆಸರಿನ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿತ್ತು. ಅಲ್ಲಿ ಬಾಳವ್ವನ ಹೆಸರೂ ಕೆತ್ತಿಸು ಎಂದು ಬಸ್ ಹತ್ತುವ ಮುಂಚೆ ಗುರುಪಾದಪ್ಪನಿಗೆ ಹೇಳಿದೆ. ‘ಕಲ್ಲು ಸತ್ತಾವ್ರಿಗಷ್ಟ ಅಂತ ಕಮಿಟ್ಯಾಗ ಠರಾವ್ ಆಗೇತಿ’ ಅಂದ.

ಹಾಗಾದರೆ ಬಾಳವ್ವ ಕಾಯಬೇಕೇ?