ಚೀನಿ ಭಾಷೆಯಲ್ಲಿ ಊಟದ ಮಾತು

"ಮಾಮಾ, ಮೊದ್ಲು ಮಷಿನ್ ನಿಂತದ ಅಂತ ಹೇಳು!" ನಾನು ಫೋನಿನ ಹಿಂದೆ ನಿಂತು ಪಿಸುಗುಟ್ಟಿದೆ. ಸಿಂಧನೂರಿನ ಮಾಮಾನ ರೈಸ್‌ಮಿಲ್‌ನಲ್ಲಿ ಕಪ್ಪು ಕಾಳು ಆರಿಸುವ ಚೀನಾ ಮಷಿನ್ ಸುಗ್ಗಿಯಲ್ಲೇ ಕೆಟ್ಟಿತ್ತು. ಮಾಮಾ ಮಾತ್ರ ವಿಡಿಯೊ ಕರೆಯಲ್ಲಿದ್ದ ಚೀನಾದ ಎಂಜಿನಿಯರ್‌ಗೆ ಅವರದೇ ಭಾಷೆಯಲ್ಲಿ, "ಊಟ ಆತೇನ್ರೀ?" ಎಂದ.

ದಿನಾ ಮಧ್ಯಾಹ್ನದವರೆಗೆ ಮನೆಯಲ್ಲೂ ಚೀನಿಯಲ್ಲೇ ಮಾತಾಡಬೇಕೆನ್ನುವ ಆನ್‌ಲೈನ್ ತರಬೇತಿ ಮಾಮಾನದು. ಫೋನೇ ಅನುವಾದಿಸುವಾಗ ಇದ್ಯಾಕೆ ಎಂಬುದು ನನ್ನ ವಾದ. ಆದರೆ ನಿನ್ನೆ ನಾನು ಫೋನಿನಿಂದ ಅನುವಾದಿಸಿ ಕಳಿಸಿದ ದೂರಿಗೆ "ಮುಂದಿನ ವಾರ ನೋಡೋಣ" ಎಂದಿದ್ದ ಎಂಜಿನಿಯರ್, ಈಗ ನಕ್ಕು ತನ್ನ ಊಟದ ಬಟ್ಟಲನ್ನೇ ಕ್ಯಾಮೆರಾಕ್ಕೆ ಹಿಡಿದ. ತಿನ್ನುತ್ತಲೇ ರಿಪೇರಿ ಹೇಳಿಕೊಟ್ಟ. ಮಷಿನ್ ಓಡಿತು.

"ಈಗ ವಾದ ಮಾಡು ಬಾ ಲೇ," ಎಂದ ಮಾಮಾ.

ವಾದವನ್ನೇನೂ ಬಿಟ್ಟಿಲ್ಲ. ಆದರೆ ತಾನಾಗಿ ಯಾರನ್ನಾದರೂ ಊಟ ಆಯ್ತಾ ಎಂದು ಕೇಳಿದ ಫೋನು ನನಗಿನ್ನೂ ಸಿಕ್ಕಿಲ್ಲ.