ಆಡದ ಪಂದ್ಯಕ್ಕೆ ಕಪ್ಪುಪಟ್ಟಿ

ಜಪಾನಿನಲ್ಲಿ ಮುಷ್ಕರ ನಡೆಯುತ್ತದೆಂದು ನಾನು ನಂಬಿರಲಿಲ್ಲ. ಭೂಕಂಪವಾದಾಗಲೂ ರೈಲು ತಡವಾಗಿದ್ದಕ್ಕೆ ಕ್ಷಮೆ ಕೇಳುವ ದೇಶವದು. ಹಾಗಾಗಿ ಕೊರೊನಾದ ಎರಡನೆಯ ವರ್ಷ, ನಮ್ಮ ಊರಿನ ಬ್ಯಾಸ್ಕೆಟ್‌ಬಾಲ್ ತಂಡದವರು ಋತುವಿನ ಕೊನೆಯ ತವರು ಪಂದ್ಯವನ್ನು ಆಡುವುದಿಲ್ಲವೆಂದು ಘೋಷಿಸಿದ ಸುದ್ದಿಯನ್ನು ಫೋನಿನಲ್ಲಿ ಓದಿದಾಗ, ಅದರೊಳಗಿನ ಅನುವಾದ ಯಂತ್ರಕ್ಕೇ ಜ್ವರ ಬಂದಿರಬೇಕು ಅಂದುಕೊಂಡೆ.

ನಮ್ಮ ಊರೆಂದರೆ ಹಮಾಮತ್ಸುವಿನಿಂದ ರೈಲಿನಲ್ಲಿ ಹೋಗಬೇಕಾದ ಒಂದು ಸಣ್ಣ ಕೈಗಾರಿಕಾ ಊರು. ಅಲ್ಲಿನ ಗೇರ್ ಕಾರ್ಖಾನೆಯೊಂದರಲ್ಲಿ ನಾನು ಇಂಜಿನಿಯರ್. ತಂಡವೂ ಊರಿಗೆ ತಕ್ಕಂಥದ್ದೇ. ಆಟಗಾರರು ಎತ್ತರ, ಅಂಕಗಳು ಗಿಡ್ಡ. ಆ ಆಟದ ನಿಯಮಗಳು ನನಗೆ ಈಗಲೂ ಪೂರ್ತಿ ತಿಳಿಯವು. ನಾನು ಅಭಿಮಾನಿಯಾದದ್ದು ಪಕ್ಕದ ಮನೆಯ ಅಜ್ಜಿಯ ದೆಸೆಯಿಂದ.

ಜಪಾನಿಯರು ಗೌರವಕ್ಕೆ ಹಚ್ಚುವ ‘ಸಾನ್’ ಸೇರಿಸಿ ನನ್ನ ಹೆಂಡತಿ ಆಕೆಯನ್ನು ‘ಅಜ್ಜಿಸಾನ್’ ಎಂದು ಕರೆಯುತ್ತಿದ್ದಳು. ಆಕೆಯ ಗಂಡ ಆ ತಂಡದ ಒಂದು ತವರು ಪಂದ್ಯವನ್ನೂ ತಪ್ಪಿಸಿಕೊಂಡವನಲ್ಲ. ಹಿಂದಿನ ಚಳಿಗಾಲದಲ್ಲಿ ಕೊರೊನಾದಿಂದ ಆಸ್ಪತ್ರೆ ಸೇರಿದವನು ಬೂದಿಯಾಗಿ ಮನೆಗೆ ಬಂದ. ಆಸ್ಪತ್ರೆಯವರು ಆಕೆಯನ್ನು ಒಳಗೂ ಬಿಡಲಿಲ್ಲ, ಯಾರನ್ನೂ ಕರೆದು ಕರ್ಮ ಮಾಡುವ ಹಾಗೂ ಇರಲಿಲ್ಲ. ಈಗ ಆಕೆ ಮನೆ ಖಾಲಿ ಮಾಡಿ ಉತ್ತರದ ತುದಿಯ ಹೊಕ್ಕೈಡೋದಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. ಸಾಮಾನಿನ ಲಾರಿ ಭಾನುವಾರಕ್ಕೆ ಗೊತ್ತಾಗಿತ್ತು, ಕೊನೆಯ ಪಂದ್ಯ ಅದರ ಹಿಂದಿನ ದಿನ. ಗಂಡನ ಫೋಟೋವನ್ನು ಅವನ ಸೀಟಿನಲ್ಲಿಟ್ಟು ಒಂದು ಪಂದ್ಯ ತೋರಿಸಿ ಊರು ಬಿಡಬೇಕು ಅನ್ನುವುದೊಂದೇ ಆಕೆಯ ಆಸೆ. ಆ ಪಂದ್ಯಕ್ಕೇ ಮುಷ್ಕರ ಬಡಿಯಿತು.

ಕಾರಣವೇನೆಂದು ಯಾರೂ ಬಾಯಿ ಬಿಡಲಿಲ್ಲ. ಕ್ಲಬ್ಬಿನವರ ಪ್ರಕಟಣೆ ‘ನಾನಾ ಸಂದರ್ಭಗಳಿಂದಾಗಿ’ ಎಂದಿತು. ಆಟಗಾರರ ಪ್ರಕಟಣೆಯೂ ‘ನಾನಾ ಸಂದರ್ಭಗಳಿಂದಾಗಿ’ ಎಂದೇ ಹೇಳಿತು. ಜಗಳವಾಡುವವರಲ್ಲಿ ಇಂಥ ಒಮ್ಮತವನ್ನು ನಾನು ಕಂಡಿರಲಿಲ್ಲ.

ಅಭಿಮಾನಿಗಳ ಸಂಘದ ಮುಖ್ಯಸ್ಥ ಒಬ್ಬ ಕ್ಷೌರಿಕ. ಅವನು ಕಾರ್ ಪಾರ್ಕಿಂಗಿನಲ್ಲಿ ನಮ್ಮನ್ನೆಲ್ಲ ಮಾರು ದೂರ ನಿಲ್ಲಿಸಿ ಸಭೆ ಸೇರಿಸಿದ. ಅವನ ಜಪಾನಿಯನ್ನು ನನಗೆ, ನನ್ನ ಕನ್ನಡವನ್ನು ಅವನಿಗೆ ದಾಟಿಸುವ ಕೆಲಸ ಹೆಂಡತಿಯದು.

“ನಮಗೆಲ್ಲ ವಿಪರೀತ ಸಿಟ್ಟು ಬಂದಿದೆ,” ಎಂದ, ಹವಾಮಾನ ವರದಿ ಓದುವ ದನಿಯಲ್ಲಿ. “ಶನಿವಾರ ಪಂದ್ಯದ ಹೊತ್ತಿಗೇ ಕ್ರೀಡಾಂಗಣದಲ್ಲಿ ಕ್ಲಬ್ಬಿನವರು ಕ್ಷಮೆ ಕೇಳುವ ಸಭೆಯಿದೆಯಂತೆ. ಎಲ್ಲರೂ ಹೋಗಿ ನಮ್ಮ ನಮ್ಮ ಸೀಟಿನಲ್ಲಿ ಕೂರೋಣ. ಆದರೆ ಯಾರೂ ಚಪ್ಪಾಳೆ ತಟ್ಟಬಾರದು.”

ಜನ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೂರ ಹೋಗಬೇಕೇ ಎಂಬ ಅಳುಕು ಕೆಲವರ ಕಣ್ಣಲ್ಲಿತ್ತು.

ನಾನು ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಬೆಳೆದ ಜೀವ. ಶಾಮಿಯಾನ, ಧಿಕ್ಕಾರ, ಪ್ರತಿಕೃತಿ ದಹನ, ನಡುವೆ ಕಾಫಿ ಎಲ್ಲವನ್ನೂ ವಿಧಿವತ್ತಾಗಿ ಬಲ್ಲವನು. “ಘೋಷಣೆ?” ಎಂದೆ.

“ಕೊರೊನಾ ಇದೆಯಲ್ಲ, ಕೂಗುವ ಹಾಗಿಲ್ಲ.”

“ಕಪ್ಪು ಬಾವುಟ?”

ಬಸ್ಸಿಗೆ ಬೆಂಕಿ ಹಚ್ಚಲು ಅಪ್ಪಣೆ ಕೇಳಿದೆನೋ ಎಂಬಂತೆ ಅವನು ನನ್ನನ್ನು ನೋಡಿದ.

ಕಡೇಪಕ್ಷ ಕಪ್ಪುಪಟ್ಟಿಯಾದರೂ ಧರಿಸಬೇಕೆಂದು ನಾನು ಮನೆಯಲ್ಲಿ ನಿರ್ಣಯ ಅಂಗೀಕರಿಸಿದೆ. ಹೆಂಡತಿ ಒಂದು ಕರಿಯ ರವಿಕೆ ಕಣವನ್ನು ಬಲಿ ಕೊಟ್ಟು ಪಟ್ಟಿ ಕತ್ತರಿಸಿದಳು.

“ರೀ, ಅಜ್ಜಿಸಾನ್‌ಗೂ ಒಂದು ಹಾಕ್ಲಾ?”

“ಹಾಕು. ಹೋರಾಟ ಅಂದ್ಮೇಲೆ ಎಲ್ರೂ ಬೇಕು.”

ಶನಿವಾರ ಮಧ್ಯಾಹ್ನ ಹೊರಡುವಾಗ ಹೆಂಡತಿ ಆಕೆಯ ಕೋಟಿಗೂ ಪಟ್ಟಿ ಚುಚ್ಚಿದಳು. ಅಜ್ಜಿ ಅದನ್ನು ನೋಡಿದಳು, ನಮ್ಮ ಎದೆಯ ಮೇಲಿನವನ್ನೂ ನೋಡಿದಳು. ಆಮೇಲೆ ಸೊಂಟ ಮುರಿಯುವಷ್ಟು ಬಾಗಿ ನಮಸ್ಕರಿಸಿದಳು. ಕಣ್ಣು ತುಂಬಿತ್ತು. ಇದೇ ನಿಜವಾದ ಐಕಮತ್ಯವೆಂದು ನನ್ನ ಎದೆಯೂ ಉಬ್ಬಿತು.

ಕ್ರೀಡಾಂಗಣದ ಬಾಗಿಲಲ್ಲಿ ಜ್ವರ ನೋಡುವ ಹುಡುಗಿ ನಮ್ಮನ್ನು ಕಂಡವಳೇ ತಲೆ ತಗ್ಗಿಸಿ ದಾರಿ ಬಿಟ್ಟಳು. ಕ್ಷೌರಿಕ ಟೋಪಿ ತೆಗೆದು ಹತ್ತಿರ ಬಂದ. “ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡರು?”

“ಯಾರೂ ಇಲ್ಲ. ಇದು ಪ್ರತಿಭಟನೆ.”

“ನಮ್ಮಲ್ಲಿ ಇದನ್ನು ಸಾವಿಗೆ ಹಾಕುತ್ತಾರೆ,” ಎಂದ ಮೆಲ್ಲಗೆ.

ಹೆಂಡತಿ ಬಾಯಿಯ ಮೇಲಿದ್ದ ಮಾಸ್ಕಿನ ಮೇಲೆ ಕೈಯನ್ನೂ ಇಟ್ಟುಕೊಂಡಳು.

“ಅಯ್ಯೋ ದೇವ್ರೇ! ರೀ, ನಾವು ಅವ್ರ ಯಜಮಾನ್ರಿಗೋಸ್ಕರ ಹಾಕ್ಕೊಂಡಿದೀವಿ ಅಂದ್ಕೊಂಡಿದಾರೆ ಅವ್ರು!”

“ತೆಗೆದುಬಿಡೋಣವಾ?”

“ಈಗ ತೆಗೆದ್ರೆ ಏನಂದ್ಕೋತಾರೆ? ನಿಮ್ಮ ಯೂನಿಯನ್ ಬುದ್ಧಿ ಸಾಕು. ಸುಮ್ನೆ ಕೂತ್ಕೊಳಿ.”

ಕೂತೆವು. ಒಂದು ಬಿಟ್ಟು ಒಂದು ಸೀಟು ಖಾಲಿ ಬಿಡಬೇಕಾದ ಕಾಲ. ಅಜ್ಜಿ ತನ್ನ ಪಕ್ಕದ ಖಾಲಿ ಸೀಟಿನಲ್ಲಿ ಫೋಟೋ ಇಟ್ಟಳು. ಮೊದಲು ಕ್ಲಬ್ಬಿನ ಅಧ್ಯಕ್ಷರು ಬಂದು ಬಾಗಿದರು. ಆಮೇಲೆ ಮುಷ್ಕರ ಹೂಡಿದ ಆಟಗಾರರೂ ಸೂಟು ಹಾಕಿ ಸಾಲಾಗಿ ನಿಂತು, ಮುಷ್ಕರ ಹೂಡಿದ್ದಕ್ಕೆ ಬಾಗಿದರು! ಜನ ವ್ರತದಂತೆ ಕೈ ಕಟ್ಟಿ ಕೂತರು. ಇಷ್ಟು ಶಾಂತವಾದ ಕೋಪವನ್ನು ಕಂಡು ನನಗೆ ಭಯವೇ ಆಯಿತು.

ಆಗ ಅಜ್ಜಿ ಎದ್ದು ನಿಂತಳು.

“ಆಡಿ!” ಎಂದು ಕೂಗಿದಳು. “ದಯವಿಟ್ಟು ಆಡಿ!”

ಗೋಡೆಯಾಚೆ ಆಕೆಯ ಕೆಮ್ಮು ಕೂಡ ನಮಗೆ ಕೇಳಿದ್ದಿಲ್ಲ. ಆ ದನಿ ಚಾವಣಿಗೆ ಬಡಿದು ವಾಪಸು ಬಂತು. ಸಭೆಗೆ ಸಭೆಯೇ ಹೊಡೆತ ತಿಂದಂತಾಯಿತು. ‘ದಯವಿಟ್ಟು ದನಿ ಎತ್ತಬೇಡಿ’ ಎಂಬ ಫಲಕ ಹಿಡಿದ ಸಿಬ್ಬಂದಿಯವನು ಓಡಿ ಬಂದು, ಕಪ್ಪುಪಟ್ಟಿಯನ್ನೂ ಫೋಟೋವನ್ನೂ ಕಂಡು, ಫಲಕವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ತಂಡದ ನಾಯಕ ಅಂಗಳ ದಾಟಿ ಬಂದು ಆಕೆಯ ಮುಂದೆ ಮಂಡಿಯೂರಿದ. ಒಂದು ಮನೆ ಎತ್ತರದ ಆಳು. ಅವನು ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದದ್ದು ನನಗೂ ಅರ್ಥವಾಯಿತು, ಮುಂದಿನದನ್ನು ಹೆಂಡತಿ ಪಿಸುಗುಟ್ಟಿದಳು: “ಇಬ್ರು ಹುಡುಗ್ರಿಗೆ ಕೊರೊನಾ ಬಂತಂತೆ ರೀ. ವಾಸಿಯಾಗಿ ಬಂದ್ರೆ ಕ್ಲಬ್‌ನೋರು ಬೇಡ ಅಂದ್ರಂತೆ, ಹೊರಗೆ ಹಾಕಿದ್ರಂತೆ. ಅವ್ರನ್ನ ಒಳಗೆ ಕರ್ಕೊಳ್ಳೋವರ್ಗೂ ಇವ್ರು ಆಡಲ್ವಂತೆ.”

ಅಧ್ಯಕ್ಷರು ನೆಲ ನೋಡುತ್ತಿದ್ದರು. ಅಜ್ಜಿ ಬಹಳ ಹೊತ್ತು ಫೋಟೋ ನೋಡಿದಳು. ಆಕೆಗೆ ಆ ಊರಿನಲ್ಲಿ ಉಳಿದಿದ್ದದ್ದು ಆ ಒಂದು ಮಧ್ಯಾಹ್ನ.

“ಹಾಗಾದರೆ ಆಡಬೇಡಿ,” ಎಂದಳು. ಈ ಸಲ ದನಿ ಎತ್ತಲಿಲ್ಲ. ಫೋಟೋ ಕೈಚೀಲಕ್ಕೆ ಸೇರಿಸಿ, ಸೀಟನ್ನು ಕರವಸ್ತ್ರದಿಂದ ಒರೆಸಿ, ಹೊರಟೇಬಿಟ್ಟಳು. ನಾವೂ ಹಿಂಬಾಲಿಸಿದೆವು.

ಮಾರನೆಯ ದಿನ ಲಾರಿ ಬಂತು, ಆಕೆ ಹೋದಳು. ಎರಡು ವಾರದ ಮೇಲೆ ಅಧ್ಯಕ್ಷರು ಇಬ್ಬರನ್ನೂ ವಾಪಸು ತೆಗೆದುಕೊಂಡರು. ನಿಂತುಹೋಗಿದ್ದ ಪಂದ್ಯವೂ ನಡೆಯಿತು. ನಮ್ಮವರು ಸಾಂಗವಾಗಿ ಸೋತರು. ಮನೆಗೆ ಬಂದು ಹೆಂಡತಿ ಹೊಕ್ಕೈಡೋಗೆ ಫೋನ್ ಮಾಡಿ ತನ್ನ ಅರೆಬರೆ ಜಪಾನಿಯಲ್ಲಿ ಇಡೀ ಆಟವನ್ನು ವರ್ಣಿಸಿದಳು. ಅಜ್ಜಿ ಅಂಕ ಕೇಳಲಿಲ್ಲ.

“ಆ ಇಬ್ಬರು ಆಡಿದರಾ?”

“ಇಲ್ಲ ಅಜ್ಜಿಸಾನ್. ಪೂರ್ತಿ ಹೊತ್ತು ಬೆಂಚಿನ ಮೇಲೇ ಕೂತಿದ್ದರು.”

“ಉಳಿದವರ ಪಕ್ಕದಲ್ಲೇ?”

“ಪಕ್ಕದಲ್ಲೇ.”

ತಾಳು, ಫೋಟೋ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದಳಂತೆ ಅಜ್ಜಿ. ಆಮೇಲೆ, ಇನ್ನೊಮ್ಮೆ ಮೊದಲಿನಿಂದ ಹೇಳು, ಇವರೂ ಕೇಳಲಿ ಅಂದಳಂತೆ. ಹೆಂಡತಿ ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರುಮಾಡಿದಳು.